ಹದಿನಾರು ಮಂದಿಯ ಟೇಬಲ್ಲು

'ಒನ್, ಟು, ಥ್ರೀ' ಎಂದು ಎಣಿಸಿದವನೂ ಶೇಷಗಿರಿಯೇ, ಎತ್ತಿದವನೂ ಅವನೇ. ಉಳಿದ ಐದು ಮಂದಿ 'ಥ್ರೀ' ಅಂದಾಗ ಎತ್ತುವುದೋ, ಅಂದಮೇಲೆ ಎತ್ತುವುದೋ ಎಂಬ ಚರ್ಚೆಯಲ್ಲೇ ಇದ್ದರು. ಟೇಬಲ್ಲು ಕೂದಲೆಳೆಯಷ್ಟೂ ಅಲುಗಲಿಲ್ಲ. ಆದರೆ ಏನೋ ಪರ್ರ್ ಎಂದಿತು. ಮರ ಸೀಳಿತೆಂದು ಎಲ್ಲರೂ ಗಾಬರಿಯಿಂದ ಬಗ್ಗಿ ನೋಡಿದರು. ಸೀಳಿದ್ದು ಶೇಷಗಿರಿಯ ಪ್ಯಾಂಟು. ಐವತ್ನಾಲ್ಕು ವರ್ಷದ ಗೃಹಸ್ಥ ಗೋಡೆಗೆ ಬೆನ್ನು ಹಚ್ಚಿ, ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತ ಬಾತ್‌ರೂಮು ಸೇರಿದ. ಮನೆಯಾಕೆ ನೀಲಾಬಾಯಿ ನಗದೆ, ತನ್ನ ಗಂಡ ಅಪ್ಪಾಸಾಹೇಬರ ಹಳೆಯ ಧೋತರವೊಂದನ್ನು ಬಾಗಿಲ ಸಂದಿಯಿಂದ ಒಳಗೆ ಚಾಚಿದರು. ಆಮೇಲಿನ ಇಂಜಿನಿಯರಿಂಗ್ ಸಲಹೆಗಳನ್ನೆಲ್ಲ ಅವನು ಧೋತರ ಉಟ್ಟೇ ಕೊಟ್ಟಿದ್ದರಿಂದ ಯಾರೂ ಅವನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅಮೆರಿಕಾದ ಹೇವರ್ಡಿನಲ್ಲಿ ಗುಡ್ಡದ ಮೇಲಿನ ಅಪ್ಪಾಸಾಹೇಬರ ಮನೆ ಮಾರಾಟವಾಗಿತ್ತು. ನೀಲಾಬಾಯಿಯ ಮೊಣಕಾಲುಗಳು ಇನ್ನು ಮೆಟ್ಟಿಲು ಹತ್ತಲೊಲ್ಲೆವು ಎಂದಿದ್ದವು. ಗಂಡ ಹೆಂಡತಿ ಇಬ್ಬರೂ ಲಾಸ್ ಗ್ಯಾಟೋಸಿನಲ್ಲಿರುವ ಮಗ ಶಿವರಾಜನ ಮನೆಗೆ ಹೋಗುವುದೆಂದು ನಿರ್ಧಾರವಾಗಿ, ತಿಂಗಳ ಕೊನೆಗೆ ಕೀಲಿಕೈ ಒಪ್ಪಿಸಬೇಕಿತ್ತು. ಎಲ್ಲ ಸಾಮಾನೂ ಹೊರಡಲು ಸಜ್ಜಾಯಿತು, ಟೇಬಲ್ಲೊಂದನ್ನು ಬಿಟ್ಟು. ಹದಿನಾರು ಮಂದಿ ಕೂತು ಉಣ್ಣುವ ಆ ಟೇಬಲ್ಲನ್ನು ಅಪ್ಪಾಸಾಹೇಬರು ಊಟದ ಕೋಣೆಯೊಳಗೇ ಕಟ್ಟಿದ್ದರು. ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಊಟ ಮುಗಿಸಿದ ಶೇಷಗಿರಿಯೇ ಅದರಲ್ಲಿ ಹೊರಬರುವಾಗ ತುಸು ಯೋಚಿಸುತ್ತಿದ್ದ. ಕೆಳಗೆ ಫೋನಿನ ಬೆಳಕು ಬಿಟ್ಟು ಹುಡುಕಿದರೂ ಒಂದು ಮೊಳೆ ಇಲ್ಲ, ಸ್ಕ್ರೂ ಇಲ್ಲ. ಅಂಟಿಸಿಬಿಟ್ಟಿದ್ದಾರೆ, ಕೊಯ್ದು ಎರಡು ತುಂಡು ಮಾಡುವುದೊಂದೇ ದಾರಿ ಎಂದ ಶಿವರಾಜ. ಅದಕ್ಕೆ ಗರಗಸ ಮುಟ್ಟಿದ ದಿನ ತಾನು ಈ ಮನೆ ಬಿಟ್ಟು ಏಳುವುದಿಲ್ಲ, ಕೊಂಡವರ ಜೊತೆಗೇ ಇರುತ್ತೇನೆ ಎಂದರು ನೀಲಾಬಾಯಿ. ಅಪ್ಪಾಸಾಹೇಬರು ಟೇಬಲ್ಲಿನ ತುದಿಗೆ ಕೂತು ಶೇಂಗಾ ಸುಲಿಯುತ್ತಿದ್ದರು. ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಒಳಗೊಳಗೇ ಹೆಚ್ಚು ಸಂಕಟಪಟ್ಟವನು ಶೇಷಗಿರಿ. ಮನೆಯವನಲ್ಲದ್ದರಿಂದ ಅದನ್ನು ತೋರಿಸುವ ಅಧಿಕಾರ ಅವನಿಗಿರಲಿಲ್ಲ. ಎರಡು ಸಾವಿರದ ಒಂದರಲ್ಲಿ ಕೆಲಸ ಕಳೆದುಕೊಂಡ ಒಂಟಿ ಹುಡುಗ ಅವನು. ಗ್ರೋಸರಿಯಲ್ಲಿ ಜೋಳದ ಹಿಟ್ಟಿನ ಚೀಲ ಹಿಡಿದು, ಅದರ ಹಿಂದೆ ಬರೆದಿದ್ದ ರೊಟ್ಟಿ ಮಾಡುವ ವಿಧಾನವನ್ನು ಪರೀಕ್ಷೆಗೆ ಓದಿದಂತೆ ಓದುತ್ತಿದ್ದ. 'ಓದಿದ್ರ ರೊಟ್ಟಿ ಆಗೂದಿಲ್ಲ ತಮ್ಮಾ, ನಡಿ' ಎಂದಿತು ಬೆನ್ನ ಹಿಂದೆ ನೀಲಾಬಾಯಿಯ ದನಿ. ಆ ರವಿವಾರ ಅವರ ಮನೆಯಲ್ಲಿ ಉಣ್ಣಲು ಕೂತವನು ಇಪ್ಪತ್ತು ವರ್ಷ ದಾಟಿದರೂ ಎದ್ದಿರಲಿಲ್ಲ. ಮತ್ತೆ ಕೆಲಸ ಸಿಕ್ಕದ್ದನ್ನು ಮೊದಲು ಹೇಳಿದ್ದು ಅಲ್ಲೇ. ಹೆಣ್ಣು ಒಪ್ಪಿದಳೆಂಬ, ತನಗೇ ನಂಬಲಾಗದ ಸುದ್ದಿಯನ್ನು ಹೇಳಿದ್ದೂ ಅಲ್ಲೇ.

ಅಪ್ಪಾಸಾಹೇಬರು ನಿಪ್ಪಾಣಿ ಕಡೆಯ ಒಕ್ಕಲುತನದ ಮನೆಯವರು. ಶೇಂಗಾ, ತಂಬಾಕು ಬೆಳೆಯುವ ಹೊಲ. ಐವರು ಅಣ್ಣತಮ್ಮಂದಿರಲ್ಲಿ ಮೂರನೆಯವರು. ಬಿತ್ತನೆಗೆ ಮುಂಚೆ ಕೂರಿಗೆ ದುರಸ್ತಿ ಮಾಡಿಸಿಕೊಂಡು ಬಾ ಎಂದು ಅಪ್ಪ ಅವರನ್ನು ಬಡಿಗೇರ ಶರಣಪ್ಪನಲ್ಲಿಗೆ ಕಳಿಸಿದ. ಸಂಜೆ ಕೂರಿಗೆಯನ್ನು ಯಾರೋ ತಂದುಕೊಟ್ಟರು, ಹುಡುಗ ಬರಲಿಲ್ಲ. ಮರುದಿನವೂ ಅಲ್ಲೇ ಮರದ ಸಿಪ್ಪೆಯೊಳಗೆ ಕೂತಿದ್ದ. ಅಪ್ಪ ಎರಡು ದಿನ ಸಿಟ್ಟು ಮಾಡಿ ಮೂರನೆಯ ದಿನ, ನಾಲ್ಕು ಮಂದಿ ಉಳುವ ರಂಟೆ ಮುರಿಯುವವರು ಇದ್ದಮೇಲೆ ಜೋಡಿಸುವವನೊಬ್ಬ ಮನೆಯಲ್ಲಿರಲಿ ಎಂದು ಬಿಟ್ಟುಬಿಟ್ಟ.

ಅಮೆರಿಕಾಕ್ಕೆ ಅವರನ್ನು ಕರೆಸಿದ್ದು ನೀಲಾಬಾಯಿಯ ಅಣ್ಣ. ಕಾಗದಪತ್ರ ಬರಲು ಹನ್ನೆರಡು ವರ್ಷ ಹಿಡಿದು, ಬರುವ ಹೊತ್ತಿಗೆ ಬರಬೇಕೆಂಬ ಆಸೆಗೇ ಕೂದಲು ನರೆತಿತ್ತು. ಸ್ಯಾನ್ ಲಿಯಾಂಡ್ರೋದ ಒಂದು ವರ್ಕ್‌ಶಾಪಿನಲ್ಲಿ ಅಡುಗೆಮನೆಯ ಕಪಾಟು ಮಾಡುವ ಕೆಲಸಕ್ಕೆ ಸೇರಿದರು. ಇಂಗ್ಲಿಷಿನಲ್ಲಿ ಅವರಿಗೆ ಇಂಚುಗಳು ಬರುತ್ತಿದ್ದವು, ವಾರದ ಹೆಸರುಗಳು ಬರುತ್ತಿದ್ದವು, ಅಷ್ಟೆ. ರವಿವಾರವೂ ಬಾ ಎಂದು ಮಾಲೀಕ ಕೇಳಿದಾಗ 'ಸಂಡೇ ಫ್ಯಾಮಿಲಿ' ಎಂದರು. ಎಷ್ಟು ಮಂದಿ ಎಂದು ಕೇಳಿದ್ದಕ್ಕೆ ಹೆಸರು ಹಿಡಿದು ಎಣಿಸಲು ಸುರುಮಾಡಿದರು. ಎರಡೂ ಕೈಯ ಬೆರಳು ಮುಗಿದು ಮಾಲೀಕನ ಬೆರಳಿಗೆ ಕೈ ಹಾಕಿದಾಗ ಅವನು ಸಾಕೆಂದ. ಮತ್ತೆ ಕೇಳಲಿಲ್ಲ.

ಟೇಬಲ್ಲು ಕಟ್ಟುವ ಮುಂಚೆ ಅವರು ಟೇಪು ಹಿಡಿಯಲಿಲ್ಲ. ಎಲ್ಲರನ್ನೂ ನೆಲದ ಮೇಲೆ ಪಂಕ್ತಿಯಲ್ಲಿ ಕೂಡಿಸಿ, ಒಬ್ಬೊಬ್ಬರಿಗೆ ಒಂದೊಂದು ಗರಿಗರಿ ಕಟಿ ರೊಟ್ಟಿ ಕೊಟ್ಟು ಮುರಿಯಲು ಹೇಳಿದರು. ಮುರಿಯುವಾಗ ಮೊಣಕೈ ಎಲ್ಲಿಗೆ ಬರುತ್ತದೋ ಅಲ್ಲಿಗೆ ಸುಣ್ಣದಕಡ್ಡಿಯ ಗೆರೆ. ಎಡಗೈಯಲ್ಲಿ ಉಣ್ಣುವ ಶೇಷಗಿರಿ ಪಕ್ಕದವರ ಪಕ್ಕೆಗೆ ತಿವಿಯುತ್ತಾನೆಂದು ಅವನಿಗೆ ಎಡ ಮೂಲೆ ಬಂತು. ತನ್ನ ಅಳತೆ ಹಿಡಿದು ಜಾಗ ಮಾಡಿಕೊಟ್ಟವರು ಈ ದೇಶದಲ್ಲಿ ಅದುವರೆಗೆ ಒಬ್ಬ ದರ್ಜಿಯೂ ಇರಲಿಲ್ಲ ಎಂದು ಅವನಿಗೆ ಆ ದಿನ ಅನ್ನಿಸಿತು. ರೊಟ್ಟಿ ಒಣಗಿತ್ತು ಎಂದು ಹೇಳಿ ನೀರು ಕುಡಿದ.

ಆದರೆ ಈಚೆಗೆ ಹದಿನಾರು ಕುರ್ಚಿಯಲ್ಲಿ ತುಂಬುತ್ತಿದ್ದದ್ದು ನಾಲ್ಕೋ ಐದೋ. ಮಕ್ಕಳಿಗೆ ಮೀಟಿಂಗು, ಮೊಮ್ಮಕ್ಕಳಿಗೆ ಸಾಕರ್ ಮ್ಯಾಚು, ನಡುವೆ ಫ್ರೀವೇ. ಟೇಬಲ್ಲಿನ ಗತಿ ಏನೆಂಬ ಪ್ರಶ್ನೆ ಬಂದದ್ದೇ ಎಲ್ಲರೂ ಬಂದರು. ಮೊದಲ ರವಿವಾರ ಶೇಷಗಿರಿಯ ಪ್ಯಾಂಟು ಹೋಯಿತು. ಎರಡನೆಯ ರವಿವಾರ ಎಮರಿವಿಲ್ಲಿನ ಅನಿಮೇಶನ್ ಸ್ಟುಡಿಯೋದಲ್ಲಿರುವ ಅಪ್ಪಾಸಾಹೇಬರ ಮಗಳು ಸ್ನೇಹಲ್, ಟೇಬಲ್ಲು ಕಿಟಕಿಯಿಂದ ಹೊರಬೀಳುವ ದೃಶ್ಯವನ್ನು ಲ್ಯಾಪ್‌ಟಾಪಿನಲ್ಲಿ ಮಾಡಿ ತಂದಳು. ಅದರಲ್ಲಿ ಟೇಬಲ್ಲು ಹಂಸದಂತೆ ಹಾರಿತು, ಒಂದೆರಡು ಕಡೆ ಗೋಡೆಯೂ ಬಾಗಿ ದಾರಿ ಬಿಟ್ಟಿತು. ಎರಡೂ ರವಿವಾರ ನೀಲಾಬಾಯಿ ಮೊಣಕಾಲು ಮರೆತು ಬದನೆಕಾಯಿ ಎಣ್ಣೆಗಾಯಿ ಮಾಡಿದರು. ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಮತ್ತೊಂದು ರೊಟ್ಟಿ ಕೇಳಿದರು.

ಮೂರನೆಯ ರವಿವಾರ ಶಿವರಾಜ ಬಾಡಿಗೆಗೆ ಕರೆಂಟಿನ ಗರಗಸ ತಂದ. ನೀಲಾಬಾಯಿ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಶೇಷಗಿರಿ ತನ್ನ ಮೂಲೆಯಲ್ಲಿ ಟೇಬಲ್ಲಿನ ಮೇಲೆ ಎರಡೂ ಅಂಗೈ ಊರಿದ. ಮೊದಲು ನನ್ನ ಕೈ ಕೊಯ್ಯಿ ಎಂದು ಹೇಳಬೇಕೆಂದಿದ್ದ. ಬಾಯಿಂದ ಬಂದದ್ದು, ಊಟ ಆದಮೇಲೆ ನೋಡೋಣ ಎಂಬ ಮಾತು.

'ಅಂಕಲ್, ಪ್ಲೀಸ್, ಕೈ ತೆಗೀರಿ' ಎಂದ ಶಿವರಾಜ.

ಆಗ ಅಪ್ಪಾಸಾಹೇಬರು ಮಡಿಲಿನ ಶೇಂಗಾ ಸಿಪ್ಪೆ ಕೊಡವಿ ಎದ್ದರು. ಪೆಟ್ಟಿಗೆಯಿಂದ ಮರದ ಕೊಡತಿ ತಂದು, ಟೇಬಲ್ಲಿನ ಕೆಳಗೆ ತೂರಿ, ಹೆಬ್ಬೆರಳಿನಿಂದ ಒಂದು ಕಡೆ ತಡವಿ ಟಪ್ ಎಂದು ಬಡಿದರು. ಇಪ್ಪತ್ತು ವರ್ಷದ ತುಪ್ಪ, ಪಾಲಿಶು ಕೂಡಿ ಮರದೊಂದಿಗೆ ಒಂದಾಗಿದ್ದ ಬೆಣೆಯೊಂದು ಕೆಳಗೆ ಬಿತ್ತು. ಆಮೇಲೆ ಇನ್ನೊಂದು, ಮತ್ತೊಂದು. ಕಾಲುಗಳು ಕಳಚಿದವು, ಹಲಗೆಗಳು ಒಂದೊಂದೇ ಬಿಟ್ಟುಕೊಂಡವು. ಅರ್ಧ ತಾಸಿನಲ್ಲಿ ಟೇಬಲ್ಲು ಗೋಡೆಗೆ ಒರಗಿ ನಿಂತಿತ್ತು, ಒಬ್ಬೊಬ್ಬರು ಒಂದೊಂದು ಹಲಗೆ ಹೊರುವ ಹಾಗೆ. ರಂಟೆಯನ್ನು ಹೆಗಲ ಮೇಲೆ ಹೊಲಕ್ಕೆ ಒಯ್ಯಬೇಕಲ್ಲ, ಬಿಚ್ಚಲು ಬಾರದ್ದನ್ನು ಶರಣಪ್ಪ ಮಾಡಿಯೇ ಇಲ್ಲ ಎಂದಷ್ಟೇ ಅವರು ಹೇಳಿದ್ದು.

ಶಿವರಾಜ ಗರಗಸದ ಪ್ಲಗ್ಗು ಕಿತ್ತ. ಅಡುಗೆಮನೆಯಿಂದ ಇಣುಕಿದ ನೀಲಾಬಾಯಿ ಸೆರಗಿನಿಂದ ಕಣ್ಣೊರೆಸಿ, ಆ ಕಣ್ಣಿನಲ್ಲೇ ಗಂಡನನ್ನು ಗುರಾಯಿಸಿದರು. ಲಾಸ್ ಗ್ಯಾಟೋಸಿನಲ್ಲೂ ತನಗೊಂದು ಎಡ ಮೂಲೆ ಇರುತ್ತದೆಂದು ಶೇಷಗಿರಿಗೆ ಎಷ್ಟೋ ದಿನದ ಮೇಲೆ ಉಸಿರು ಸಲೀಸಾಗಿ ಬಂತು. ಹಿಂದೆಯೇ ಸಿಟ್ಟೂ ಬಂತು.

'ಕಾಕಾ, ಇದು ಬಿಚ್ಚತದ ಅಂತ ಮೂರು ವಾರದಿಂದ ಯಾಕ್ರೀ ಬಾಯಿ ಬಿಡಲಿಲ್ಲ?'

ಅಪ್ಪಾಸಾಹೇಬರು ಬೆಣೆಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಜೇಬಿಗಿಳಿಸಿದರು.

'ಮೊದಲನೇ ರವಿವಾರ ಹೇಳಿದ್ರ, ಎರಡನೇ ರವಿವಾರ ಬರತಿದ್ರೇನ ನೀವು?'