ಸಾಬಣ್ಣನ ಚಳಿ

೨೦೨೩ನೆಯ ಇಸವಿಯ ಆಗಸ್ಟ್ ೧೨, ಶನಿವಾರ, ಅಧಿಕ ಶ್ರಾವಣದ ಕೃಷ್ಣ ಏಕಾದಶಿ. ಮಳೆಗಾಲವಾದರೂ ಮಳೆಯಿರಲಿಲ್ಲ, ಮೋಡ ಕವಿದು, ಬೆವರು ಆರದಂತಹ ಸೆಕೆ. ಬೆಳಿಗ್ಗೆ ೯ ಗಂಟೆ ೨೦ ನಿಮಿಷಕ್ಕೆ ವಿಜಯಪುರದಿಂದ ಟಿಕೋಟಾದ ಬಸ್ಸು ಹಿಡಿದೆ. ಸಾಬಣ್ಣ ಎಂಬ ಹಮಾಲನ ಕಾದಂಬರಿಯಲ್ಲಿ ನಾನು ತೋರಿಸಿದ ತಪ್ಪು ನಿಜವಾಗಿಯೂ ತಪ್ಪೇ ಎಂಬುದನ್ನು ಅಲ್ಲಿ ಪರೀಕ್ಷಿಸಬೇಕಾಗಿತ್ತು.

ಸಾಬಣ್ಣ ಕನಮಡಿಯವನು. ಶಾಲೆಯ ದಾಖಲೆಯಲ್ಲಿ ಅವನ ಜನ್ಮದಿನಾಂಕ ೧ ಜೂನ್ ೧೯೮೧ ಎಂದಿದೆ. ಆ ಕಾಲದ ಅರ್ಧ ಊರು ಜೂನ್ ಒಂದರಂದೇ ಹುಟ್ಟಿದೆ. ಆದ್ದರಿಂದ ನಾನು ವರ್ಷವನ್ನಷ್ಟೇ, ಅದನ್ನೂ ಅನುಮಾನದಿಂದ, ಒಪ್ಪುತ್ತೇನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ. ೨೦೦೯ರಿಂದ ಟಿಕೋಟಾದ ಹೊರಗಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಹೊತ್ತು ಒಟ್ಟುತ್ತಾನೆ. ಒಳಗೆ ವರ್ಷವಿಡೀ ನಾಲ್ಕು ಡಿಗ್ರಿ. ಮಧ್ಯಾಹ್ನದ ಬಿಡುವಿನಲ್ಲಿ ಹಳೆಯ ಗೇಟ್‌ಪಾಸುಗಳ ಬೆನ್ನಿಗೆ ಕೊಲೆಯ ಕಥೆ ಬರೆಯುತ್ತಾನೆ. ಕಥೆಯ ಊರು ಹಿಮಾಲಯದಲ್ಲಿ: ಹನ್ನೊಂದು ಮನೆ, ದೇವದಾರುವಿನ ಕಾಡು, ಮೊಣಕಾಲುದ್ದ ಹಿಮ. ಅವನು ಸೊಲ್ಲಾಪುರದಿಂದ ಆಚೆಗೆ ಹೋದವನಲ್ಲ.

ನಾನು ಹೋದವನು. ೧೯೯೬ರ ಡಿಸೆಂಬರ್ ೨೬ರಿಂದ ೩೧ರವರೆಗೆ ಮನಾಲಿಯಲ್ಲಿ ಹಿಮದ ಮೇಲೆ ನಡೆದಿದ್ದೇನೆ. ಬಬಲೇಶ್ವರದ ಹೈಸ್ಕೂಲಿನಿಂದ ೨೦೧೧ರ ಮೇ ೩೧ರಂದು ನಿವೃತ್ತನಾದ ಮೇಲೆ, ಎಂಟು ವರ್ಷ ತಿದ್ದಿ ತಿದ್ದಿ, ಆ ಹಿಮದ ನಡುವಿನ ಒಂದು ಪತ್ತೇದಾರಿ ಕಾದಂಬರಿ ಬರೆದಿದ್ದೆ. ಅದು ೨೦೧೯ರಿಂದ ಸ್ಟೇಷನ್ ರಸ್ತೆಯ ಪ್ರಕಾಶಕ, ನನ್ನದೇ ವಿದ್ಯಾರ್ಥಿ, ಸಂಗನಬಸವನ ಕಪಾಟಿನಲ್ಲಿತ್ತು. ಆಗಸ್ಟ್ ೩ರಂದು ಅವನು ಸಾಬಣ್ಣನ ಕಟ್ಟನ್ನು ನನ್ನ ಮುಂದಿಟ್ಟ.

“ಸರ, ವರ್ಷಕ್ಕ ಒಂದ ಪತ್ತೇದಾರಿ ಅಚ್ಚ ಹಾಕತೀನ್ರಿ. ನಿಮ್ಮದೂ ಐತಿ, ಇದೂ ಐತಿ. ಇದರಾಗ ತಪ್ಪ ಇದ್ರ ಹೇಳ್ರಿ, ನಿಮ್ಮದನ್ನ ತಗೋತೀನಿ.”

ಅಂದು ಊಟದ ನಂತರ ಓದಲು ಕುಳಿತವನು ಕೊನೆಯ ಚೀಟಿಯವರೆಗೆ ಏಳಲಿಲ್ಲ. ಕಾಗುಣಿತ ಅಧ್ವಾನವಾಗಿತ್ತು. ಆದರೆ ‘ಚಳಿ ಮೊದಲು ಉಗುರಿಗೆ ತಿಳಿಯುತ್ತದೆ, ಮನುಷ್ಯನಿಗೆ ಆಮೇಲೆ’ ಎಂಬ ಸಾಲು ಕಂಡಾಗ ಆ ಚೀಟಿಯನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು ಓದಿದೆ. ಆರು ದಿನ ಹಿಮದಲ್ಲಿ ನಿಂತ ನನಗೆ ಆ ಸಾಲು ಸಿಕ್ಕಿರಲಿಲ್ಲ. ಅಂಥವು ಇನ್ನೂ ಹದಿನಾರು ಇದ್ದವು. ತಪ್ಪು ಹುಡುಕಲೆಂದೇ ಎರಡನೆಯ ಬಾರಿ ಓದಿದೆ. ಸಿಕ್ಕಿತು.

ಕಥೆಯಲ್ಲಿ ಕಾಡಿನ ಕಾವಲುಗಾರನ ಕೊಲೆಯಾಗುತ್ತದೆ. ಅಂಗಡಿಕಾರನೊಬ್ಬ, ತಾನು ಸಂಜೆಯಿಂದಲೂ ಒಲೆಯ ಮುಂದೆಯೇ ಕುಳಿತಿದ್ದೆ ಎನ್ನುತ್ತಾನೆ. ಚಹಾ ಕೊಡಲು ಬಂದ ಮುದುಕಿಯೊಬ್ಬಳು ಅವನ ಕನ್ನಡಕದ ಗಾಜು ಬೆಳ್ಳಗೆ ಮಸುಕಾಗಿದ್ದುದನ್ನು ಕಂಡಿರುತ್ತಾಳೆ. ಅವನು ಆಗಷ್ಟೇ ಹೊರಗಿನ ಚಳಿಯಿಂದ ಒಳಗೆ ಬಂದವನು ಎಂದು ಪತ್ತೇದಾರ ಹಿಡಿಯುತ್ತಾನೆ. ನನ್ನ ಕಾದಂಬರಿಯಲ್ಲಿ ಇದು ತಿರುವುಮುರುವು: ಬೆಚ್ಚಗಿನ ಮನೆಯಿಂದ ಹಿಮಕ್ಕೆ ಕಾಲಿಟ್ಟೊಡನೆ ಗಾಜು ಮಸುಕಾಗುತ್ತದೆ. ಹಿಮ ಕಂಡವನು ನಾನು. ‘ಮುಖ್ಯ ಸುಳಿವೇ ಸುಳ್ಳು, ಅಚ್ಚಿಗೆ ಯೋಗ್ಯವಲ್ಲ’ ಎಂದು ಆಗಸ್ಟ್ ೭ರಂದು ಬರೆದುಕೊಟ್ಟೆ. ಆ ದಿನ ಊಟ ರುಚಿಸಿತು.

೧೦ರಂದು ಸಾಬಣ್ಣ ನನ್ನ ಮನೆಯ ಬಾಗಿಲಿಗೆ ಬಂದ. ಒಳಗೆ ಕರೆದರೂ ಕೂಡಲಿಲ್ಲ.

“ಸರ, ತಪ್ಪ ಇದ್ರ ನಾನ ಹರದ ಒಗೀತೀನ್ರಿ. ಆದ್ರ ಒಮ್ಮೆ ನಮ್ಮ ಸ್ಟೋರೇಜಿಗಿ ಬಂದ ನೋಡ್ರಿ. ಹದಿನಾಕ ವರ್ಸ ನಮ್ಮ ಮ್ಯಾನೇಜರ್ ಚಮನಸಾಬರ ಚಷ್ಮಾ ನೋಡೇನ್ರಿ ನಾ.”

ಹಾಗಾಗಿ ಆ ಶನಿವಾರ ಹೋದೆ. ಸ್ಟೋರೇಜಿನ ಅಂಗಳದಲ್ಲಿ ದ್ರಾಕ್ಷಿ ಆರಿಸುತ್ತಿದ್ದ ಅವನ ಹೆಂಡತಿ ಪರಸವ್ವ ತಲೆಯೆತ್ತಿದಳು.

“ಬರ್ರಿ ಸರ. ಕಾಣಲಾರದ ಊರಾಗ ದಿನಾ ಒಬ್ಬನ್ನ ಕೊಲ್ಲತಾನ್ರಿ ಇಂವ. ಮನ್ಯಾಗ ಚೇಳ ಹೊಡಿ ಅಂದ್ರ ಮಂಚ ಏರತಾನ.”

“ಸುಮ್ನಿರ ಬೇ,” ಎಂದ ಸಾಬಣ್ಣ.

ಚಮನಸಾಬರು ದಪ್ಪ ಬಾಗಿಲನ್ನು ಎಳೆದರು. ಒಳಗೆ ಹೋದೆ. ನನ್ನ ಕನ್ನಡಕದ ಗಾಜು ಸ್ವಚ್ಛವಾಗಿತ್ತು. ಕೈಗಡಿಯಾರ ನೋಡಿಕೊಂಡು ಹತ್ತು ನಿಮಿಷ ನಿಂತೆ. ಪೆಟ್ಟಿಗೆಗಳ ಮೇಲಿನ ಸಣ್ಣ ಅಕ್ಷರಗಳನ್ನೂ ಓದಬಹುದಾಗಿತ್ತು. ಉಗುರುಗಳು ನೋಯತೊಡಗಿದವು. ಹೊರಗಿನ ಸೆಕೆಗೆ ಕಾಲಿಟ್ಟೆ. ಎದುರಿನದೆಲ್ಲ ಬೆಳ್ಳಗಾಯಿತು, ಅಂಗಳವೂ ಕಾಣಲಿಲ್ಲ, ಮನುಷ್ಯರೂ ಕಾಣಲಿಲ್ಲ.

“ಏನ್ರಿ ಮಾಸ್ತರ, ಕೊಲಿಗಾರ ಸಿಕ್ಕನೇನ್ರಿ?” ಎಂದು ಚಮನಸಾಬರ ದನಿ ಕೇಳಿತು. ಪರಸವ್ವ ನಕ್ಕಳು.

ಸಾಬಣ್ಣ ನಗಲಿಲ್ಲ. “ಸರ, ಹಂಗಾದ್ರ ಹರೀಲೇನ್ರಿ, ಇಡ್ಲೇನ್ರಿ?” ಎಂದು ಕೇಳಿದ.

‘ಇದು ಸ್ಟೋರೇಜು, ಹಿಮಾಲಯವಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಅವನು ನಂಬುತ್ತಿದ್ದ. ಅಲ್ಲಿ ನೆರೆದವರಲ್ಲಿ ಹಿಮ ಕಂಡವನು ನಾನೊಬ್ಬನೇ; ಕಂಡಾಗ ನನಗೆ ಕನ್ನಡಕವಿರಲಿಲ್ಲ. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದೆ.

“ಇಡು,” ಎಂದೆ.

ಆಗಸ್ಟ್ ೧೪ರಂದು ನನ್ನ ಅಭಿಪ್ರಾಯವನ್ನು ಲಿಖಿತವಾಗಿ ಹಿಂತೆಗೆದುಕೊಂಡೆ. ಸೆಪ್ಟೆಂಬರ್ ೪ರಂದು ಸಂಗನಬಸವನ ಕಪಾಟಿನಿಂದ ನನ್ನ ಹಸ್ತಪ್ರತಿಯನ್ನು ಮರಳಿ ತಂದೆ. ಸಾಬಣ್ಣನ ‘ಹನ್ನೊಂದು ಮನೆಯ ಊರು’ ೨೦೨೪ರ ಮಾರ್ಚ್ ೧೦, ರವಿವಾರ ಬಿಡುಗಡೆಯಾಯಿತು. ಆಮಂತ್ರಣವಿತ್ತು; ನಾನು ಹೋಗಲಿಲ್ಲ. ಐನೂರು ಪ್ರತಿಗಳು ಅದೇ ವರ್ಷದ ನವೆಂಬರಿನೊಳಗೆ ಮುಗಿದವು. ಅವನು ಈಗಲೂ ಟಿಕೋಟಾದಲ್ಲಿಯೇ ಪೆಟ್ಟಿಗೆ ಹೊರುತ್ತಾನೆ. ಅವನ ಎರಡನೆಯ ಕಾದಂಬರಿಯ ಕಟ್ಟು ಕಾಗುಣಿತ ತಿದ್ದಲೆಂದು ೨೦೨೫ರ ಜೂನ್ ೨ರಂದು ನನ್ನ ಮನೆಗೆ ಬಂದಿತು. ಜೂನ್ ೨೩ರಂದು ತಿದ್ದಿ ಕಳುಹಿಸಿದೆ. ಕಾಗುಣಿತದ ದೋಷಗಳು ೪೧೩. ಬೇರೆ ದೋಷ ಸಿಗಲಿಲ್ಲ.