ಜಿಗ್ಗಿಂಗ್ ರಾಡಿಗೂ ಅಡಿಕೆ ದೋಟಿಗೂ ಇರುವ ವ್ಯತ್ಯಾಸ

ಕಳೆದ ತಿಂಗಳು ಉಡುಪಿಯ ಒಂದು ಅಂಗಡಿಯಲ್ಲಿ ನಮ್ಮ ಮನೆಯವರು ಟ್ಯೂಬ್‌ಲೈಟ್ ಒಡೆದರು. ಕೋಪದಿಂದಲ್ಲ. ಪರೀಕ್ಷೆ ಮಾಡುತ್ತಾ!

ಅದು ಮೀನು ಹಿಡಿಯುವ ಸಾಮಾನಿನ ಅಂಗಡಿ. ಇವರು ಇದ್ದುದರಲ್ಲೇ ಉದ್ದದ ರಾಡು ಎತ್ತಿಕೊಂಡರು. ನಮ್ಮೂರಲ್ಲಿ ಅಡಿಕೆ ಗೊನೆ ಇಳಿಸುವ ದೋಟಿ ಕೊಳ್ಳುವಾಗ ಹೇಗೆ ಒಂದು ಕಣ್ಣು ಮುಚ್ಚಿ ನೋಡುತ್ತಾರೋ ಹಾಗೇ ನೋಡಿದರು. ನೆಟ್ಟಗಿದೆಯಾ? ಇದೆ. ಬಾಗುತ್ತದಾ? ಇಲ್ಲ. ಮೇಲೆತ್ತಿದರೆ ಎಲ್ಲಿಗೆ ಮುಟ್ಟುತ್ತದೆ? ಟ್ಯೂಬ್‌ಲೈಟಿಗೆ. ಠಳ್!

"ಗಟ್ಟಿ ಉಂಟು ಅಂತ ಗೊತ್ತಾಯ್ತಲ್ಲ ಸರ್," ಎಂದ ಅಂಗಡಿಯಾತ, ಗಾಜು ಗುಡಿಸುತ್ತಾ. (ಲೈಟು ಹೋದರೂ ಗಿರಾಕಿ ಹೋಗಬಾರದಲ್ಲ!)

ಎಪ್ಪತ್ತು ದಾಟಿದ ಗಂಡ ಹೆಂಡತಿ, ತೀರ್ಥಹಳ್ಳಿಯಲ್ಲಿ ಸುಮ್ಮನೆ ಟಿವಿ ನೋಡಿಕೊಂಡು ಇರುವುದು ಬಿಟ್ಟು, ಮಿನಿ ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತಾ ಆಗುಂಬೆ ಘಾಟಿ ಇಳಿದು ಅಲ್ಲಿಗೆ ಯಾಕೆ ಹೋಗಿದ್ದೆವು? ಹೇಳುತ್ತೇನೆ.

ನಮ್ಮ ಮನೆಯವರು ಗಾಳದ ಮನುಷ್ಯ. ಭಾನುವಾರ ಬಂದರೆ ತುಂಗೆಯ ದಂಡೆ. (ದೇವಸ್ಥಾನದ ಮೀನುಗಳಿಗೆ ದೂರದಿಂದಲೇ ಕೈ ಮುಗಿದು, ಬಹಳ ಕೆಳಗೆ ಹೋಗಿ ಕೂರುತ್ತಾರೆ. ಅಷ್ಟು ಧರ್ಮ ಬಿಟ್ಟಿಲ್ಲ.) ಹಿಡಿದದ್ದನ್ನು ಹಿತ್ತಿಲ ಬಾಗಿಲಲ್ಲಿಟ್ಟು, ಕೈ ತೊಳೆದು, ಈಸಿ ಚೇರಿನಲ್ಲಿ ಕೂತು, "ಇವತ್ತು ಹೆಂಗೆ ಹಿಡಿದೆ ಗೊತ್ತಾ?" ಎಂದರೆ ಅವರ ಕೆಲಸ ಮುಗಿಯಿತು.

ನನ್ನದು ಶುರು. ಮೆಟ್ಟುಗತ್ತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆರಳುದ್ದದ ಮೀನುಗಳ ಹುರುಪೆ ಕೆರೆದು, ಹೊಟ್ಟೆ ಸೀಳಿ, ಬೂದಿ ಹಾಕಿ ಕಲ್ಲಿಗೆ ಉಜ್ಜಿ, ನೀರು ಬದಲಿಸಿ ಬದಲಿಸಿ ತೊಳೆಯಬೇಕು. ಒಮ್ಮೆ ಮದುವೆ ಮನೆಯಲ್ಲಿ ನನ್ನ ಕನ್ನಡಕದ ಫ್ರೇಮಿಗೆ ಹುರುಪೆಯೊಂದು ಅಂಟಿಕೊಂಡಿತ್ತು. ಪಕ್ಕದಲ್ಲಿ ಕೂತ ಹುಡುಗಿ ಅದನ್ನು ಡಿಸೈನ್ ಎಂದುಕೊಂಡು, "ಎಲ್ಲಿ ತಗೊಂಡ್ರಿ ಆಂಟಿ?" ಎಂದಳು.

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಎಲೊಕ್ಯೂಷನ್ ಕಲಿಸಿದರು, ನೀಡಲ್‌ವರ್ಕ್ ಕಲಿಸಿದರು. ಟೇಬಲ್ ಮೇಲೆ ಫಿಶ್ ನೈಫ್ ಯಾವ ಕಡೆ ಇರಬೇಕು ಎಂದೂ ಕಲಿಸಿದರು. ಆ ನೈಫಿನ ಹತ್ತಿರ ಬರುವ ಮುಂಚೆ ಮೀನಿಗೆ ಏನೇನು ಆಗಬೇಕು, ಅದನ್ನು ಮಾಡುವವರ ಸೊಂಟಕ್ಕೆ ಏನೇನು ಆಗುತ್ತದೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಈಗ ಕೂತರೆ ಏಳುವುದಕ್ಕೆ ಗೋಡೆ ಬೇಕು.

ಹಾಗೆ ಕೂತಿದ್ದಾಗಲೇ ಸೆವ್ರಿನ್ ಫೋನು ಬಂತು. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು, ಈಗ ಮಲ್ಪೆಯಲ್ಲಿದ್ದಾಳೆ. ಅವಳ ತಮ್ಮ ವಿಲ್ಲಿಗೆ ಬೋಟು ಇದೆ.

"ವಿಲ್ಲಿ ಈಗ ಜನರನ್ನು ಜಿಗ್ಗಿಂಗಿಗೆ ಕರ್ಕೊಂಡು ಹೋಗ್ತಾನೆ ವಿಮಲಾ. ನೀನೂ ಬಾ ಮಾರಾಯ್ತಿ. ಸಾಯುವ ಮೊದಲು ಒಂದು ಮೀನು ಹಿಡಿ."

ಕೈಯೆಲ್ಲ ಮೀನಾಗಿದ್ದರಿಂದ ಫೋನು ಸ್ಪೀಕರಿನಲ್ಲಿತ್ತು. ಈಸಿ ಚೇರಿನಿಂದ ಉತ್ತರ ಹೋಯಿತು.

"ಇವಳಾ? ಎರೆಹುಳ ಕಂಡ್ರೆ ಊರಿಗೆಲ್ಲ ಕೇಳೋ ಹಂಗೆ ಕಿರುಚ್ತಾಳೆ!"

"ಇದಕ್ಕೆ ಹುಳ ಬೇಡ ಭಾವ. ಲೋಹದ ಮೀನು ಕಟ್ಟುವುದು."

"ಹಂಗಾದ್ರೆ ಕೇಳಿಲ್ಲಿ. ಇವಳು ಸಮುದ್ರದಲ್ಲಿ ಒಂದೇ ಒಂದು ಮೀನು ಹಿಡೀಲಿ, ಇನ್ಮೇಲೆ ಈ ಮನೆ ಮೀನೆಲ್ಲ ನಾನೇ ಉಜ್ತೀನಿ!"

ನಾನು ಎದ್ದೆ. ಗೋಡೆ ಹಿಡಿಯದೇ ಎದ್ದೆ. "ಪ್ರಾಮಿಸ್?"

"ಪ್ರಾಮಿಸ್ಸೇ. ಸಿಗದಿದ್ರೆ ನೀನು ಉಜ್ಜೋವಾಗ ಗೊಣಗಬಾರದು. ಒಂದಕ್ಷರ!"

"ಸಾಕ್ಷಿ ನಾನು," ಎಂದು ಸೆವ್ರಿನ್ ನಕ್ಕಳು.

ಹೀಗೆ ನನ್ನ ಉಳಿದ ಆಯುಷ್ಯದ ಸೊಂಟನೋವು ಒಂದು ರಾಡು ಮತ್ತು ಒಂದು ರೀಲಿನ ಮೇಲೆ ನಿಂತಿತು. ನಾನು ಸೀರಿಯಸ್ ಆಗದೇ ಇರುತ್ತೇನೆಯೇ? ಮಧ್ಯಾಹ್ನದ ಧಾರಾವಾಹಿ ಬಿಟ್ಟು ಮೊಬೈಲಿನಲ್ಲಿ ಜಿಗ್ಗಿಂಗ್ ವಿಡಿಯೊ ನೋಡಿದೆ. ಸಂಜೆ ವಿಲ್ಲಿಗೆ ಫೋನು ಮಾಡಿ ತಲೆ ತಿಂದೆ.

ವಿಷಯ ಇಷ್ಟೇ. ಮೀನಿನ ಆಕಾರದ ಲೋಹದ ತುಂಡು, ಅದರ ಹೆಸರು ಜಿಗ್. ಅದನ್ನು ಸಮುದ್ರದ ತಳ ಮುಟ್ಟಿಸಬೇಕು. ಆಮೇಲೆ ರಾಡನ್ನು ಒಂದು ಸಲ ಜಗ್ಗಿ ರೀಲನ್ನು ಒಂದು ಸುತ್ತು ಸುತ್ತಬೇಕು. ಮತ್ತೆ ಜಗ್ಗು, ಮತ್ತೆ ಸುತ್ತು. ಕೆಳಗೆ ಆ ಲೋಹದ ಮೀನು ಗಾಯವಾದ ಮರಿಯ ಹಾಗೆ ಒದ್ದಾಡುತ್ತಾ ಮೇಲೇರುತ್ತದೆ. ದೊಡ್ಡ ಮೀನಿಗೆ ಆಸೆ ಹುಟ್ಟುತ್ತದೆ. ತಾಳ ತಪ್ಪಬಾರದು, ಯಂತ್ರದ ಹಾಗಿರಬೇಕು. ಅದಕ್ಕೇ ಮೆಕ್ಯಾನಿಕಲ್ ಜಿಗ್ಗಿಂಗ್ ಎಂದು ಹೆಸರು.

ಇದಕ್ಕೆ ರಾಡು ಬಾಗಬೇಕು. ಬಾಗಿದ್ದು ತಾನಾಗಿ ವಾಪಸ್ ಚಿಮ್ಮಿದಾಗ ಜಿಗ್ಗು ಹಾರುತ್ತದೆ. ರಾಡು ಸೆಟೆದುಕೊಂಡಿದ್ದರೆ ಆ ಕೆಲಸವನ್ನು ನಮ್ಮ ಭುಜ ಮಾಡಬೇಕು. ಎಪ್ಪತ್ತು ದಾಟಿದ ಭುಜ!

ಆದರೆ ತುಂಗೆಯ ದಂಡೆಯವರಿಗೆ ಇದನ್ನು ಹೇಳುವವರು ಯಾರು? ನಾನು ಅಂಗಡಿಯಲ್ಲಿ ಐದೂವರೆ ಅಡಿಯ ತೆಳ್ಳನೆಯ ರಾಡು ಆರಿಸಿದೆ. ಎಷ್ಟು ಗ್ರಾಮಿನ ಜಿಗ್ಗನ್ನು ತಡೆಯುತ್ತದೆ ಎಂದು ರಾಡಿನ ಮೇಲೇ ಬರೆದಿರುತ್ತಾರೆ. ಕನ್ನಡಕ ಒರೆಸಿಕೊಂಡು ಓದಿದೆ. ವಿಲ್ಲಿ ಹೇಳಿದ ತೂಕಕ್ಕೆ ಸರಿಹೋಯಿತು.

"ಇದೇನೇ ಇದು, ದನ ಅಟ್ಟೋ ಕೋಲು?"

"ಮೀನು ಬೋಟಿನ ಕೆಳಗೇ ಇರುತ್ತೆ ರೀ. ಆಚೆ ದಡದಲ್ಲಲ್ಲ. ಉದ್ದ ಯಾಕೆ?"

ನನ್ನ ಹ್ಯಾಂಡ್‌ಬ್ಯಾಗನ್ನು ದಾರಕ್ಕೆ ಕಟ್ಟಿಸಿ ಎತ್ತಿದೆ. ರಾಡು ಬಿಲ್ಲಿನ ಹಾಗೆ ಬಾಗಿತು. ಇವರು ಅಂಗಡಿಯಾತನಿಗೆ ಕಣ್ಣು ಹೊಡೆದರು. "ಬ್ಯಾಗ್ ಎತ್ತೋಕೇ ಹಿಂಗೆ ನಮಸ್ಕಾರ ಮಾಡ್ತದೆ. ಮೀನು ಬಂದ್ರೆ ಕಾಲಿಗೇ ಬೀಳ್ತದೆ!"

ರೀಲಿನಲ್ಲೂ ಅದೇ ಕಥೆ. ಇವರದು ತೆಂಗಿನಕಾಯಿ ಗಾತ್ರದ್ದು. ನಾನು ನೋಡಿದ್ದು, ಒಂದು ಸುತ್ತಿಗೆ ಎಷ್ಟು ದಾರ ಒಳಗೆ ಬರುತ್ತದೆ ಎಂದು. ಜೊತೆಗೆ ಡ್ರ್ಯಾಗ್, ಅಂದರೆ ರೀಲಿನ ಬ್ರೇಕು. ಮೀನು ಜೋರಾಗಿ ಎಳೆದರೆ ದಾರ ಕಡಿಯದ ಹಾಗೆ ಅದು ನಯವಾಗಿ ಬಿಡಬೇಕು, ಜರ್ಕ್ ಹೊಡೆಯಬಾರದು. ಕೊನೆಗೆ, ಎಡಗಡೆ ಇದ್ದ ಹಿಡಿಕೆಯನ್ನು ಬಲಗಡೆಗೆ ಹಾಕಿಕೊಡು ಎಂದೆ.

"ಎಲ್ಲರೂ ಎಡಗೈಯಲ್ಲಿ ಸುತ್ತುವುದು ಅಮ್ಮ."

"ಎಲ್ಲರೂ ಸುತ್ತಲಿ. ನಾನು ಹೊಲಿಗೆ ಮೆಷಿನ್ ತಿರುಗಿಸಿದ್ದು ಬಲಗೈಯಲ್ಲಿ."

ನಿಜ. ಕೈಯಲ್ಲಿ ತಿರುಗಿಸುವ ಮೆಷಿನ್. ಬಲಗೈ ಚಕ್ರ ಸುತ್ತಬೇಕು, ಎಡಗೈ ಬಟ್ಟೆ ನಡೆಸಬೇಕು, ಎರಡೂ ಒಂದೇ ತಾಳಕ್ಕೆ. ಮಕ್ಕಳ ಯೂನಿಫಾರ್ಮಿನಿಂದ ಹಿಡಿದು ಇವರ ಪಟ್ಟೆ ಪೈಜಾಮದವರೆಗೆ ಹೊಲಿದ ಕೈಗಳಿಗೆ ಮೆಕ್ಯಾನಿಕಲ್ ಎಂದರೇನು ಎಂದು ಯಾರಾದರೂ ಕಲಿಸಬೇಕೇ?

ಮರುದಿನ ಬೆಳಿಗ್ಗೆ ಬೋಟು ಹತ್ತಿದೆವು. ದಡ ಹಿಂದೆ ಸರಿಯುವಾಗ ನನಗೆ ಸಿಸ್ಟರ್‌ಗಳು ನೆನಪಾದರು. ಹಾಸ್ಟೆಲಿನಿಂದ ವರ್ಷಕ್ಕೊಮ್ಮೆ ನಮ್ಮನ್ನು ಬೀಚಿಗೆ ಕರೆದೊಯ್ಯುತ್ತಿದ್ದರು. ಮರಳಿನ ಮೇಲೆ ಸಾಲಾಗಿ ಕೂರಿಸಿ, ಗರ್ಲ್ಸ್, ನೋಡಿ, ಆದರೆ ಸಾಕ್ಸ್ ಒದ್ದೆ ಮಾಡಿಕೊಳ್ಳಬೇಡಿ ಎನ್ನುತ್ತಿದ್ದರು. ಅಂದಿನಿಂದ ಸಮುದ್ರವನ್ನು ನೋಡುತ್ತಲೇ ಬಂದಿದ್ದೇನೆ. ಅದರ ಮೇಲೆ ನಿಂತದ್ದು ಈಗ. ಸಾಕ್ಸ್ ಪೂರ್ತಿ ಒದ್ದೆ.

ಇವರು ಜಿಗ್ಗು ಇಳಿಬಿಟ್ಟು, ತುಂಗೆಯ ಬಂಡೆಯ ಮೇಲೆ ಕೂರುವಂತೆ ಗಂಭೀರವಾಗಿ ಕೂತರು. "ಶ್! ಮಾತಾಡ್ಬೇಡಿ. ಮೀನು ಹೆದರ್ತವೆ."

"ಭಾವ, ಕೂತರೆ ಆಗುವುದಿಲ್ಲ. ಎಳೀತಾ ಇರಬೇಕು," ಎಂದ ವಿಲ್ಲಿ.

"ಮೀನು ಹಿಡಿಯೋದು ನಂಗೆ ಹೇಳಿಕೊಡ್ತೀಯಾ?" (ಹುಟ್ಟಿದಾಗಿನಿಂದ ಸಮುದ್ರದಲ್ಲಿರುವವನಿಗೆ!)

ಲೋಹದ ತುಂಡನ್ನು ಸುಮ್ಮನೆ ಇಳಿಬಿಟ್ಟರೆ ಯಾವ ಮೀನು ಬರುತ್ತದೆ? ಕೊನೆಗೆ ಇವರೂ ಎದ್ದು ಜಗ್ಗಿದರು. ದೋಟಿ ಬಾಗಲಿಲ್ಲ. ಬದಲಿಗೆ ಇವರೇ ಬಾಗಿದರು. ಸ್ವಲ್ಪ ಹೊತ್ತಿಗೆ ಭುಜ ಹಿಡಿದುಕೊಂಡು, "ಈ ಕಡೆ ಮೀನೇ ಇಲ್ಲ," ಎಂದು ತೀರ್ಪು ಕೊಟ್ಟು ಕೂತರು.

ನಾನು ರಾಡಿನ ಬುಡವನ್ನು ಕಂಕುಳಿಗೆ ಒತ್ತಿಕೊಂಡು ಹೊಲಿಯುತ್ತಿದ್ದೆ. ಜಗ್ಗು, ಸುತ್ತು. ಜಗ್ಗು, ಸುತ್ತು. ಏನೂ ಇಲ್ಲ. ಮತ್ತೆ ತಳಕ್ಕೆ ಬಿಟ್ಟೆ. ಏನೂ ಇಲ್ಲ. ಬಿಸಿಲೇರಿತು, ಬೆವರಿಳಿಯಿತು.

"ಏನು ಟೈಲರಮ್ಮ, ತೋಳು ಮುಗೀತಾ? ಕಾಲರ್ ಶುರುವಾಯ್ತಾ?"

ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಕೆಳಗಿಂದ ರಾಡನ್ನು ಕಿತ್ತುಕೊಂಡ ಹಾಗಾಯಿತು. ದನ ಅಟ್ಟುವ ಕೋಲು ಅರ್ಧಚಂದ್ರವಾಯಿತು. ರೀಲು ಕಿರ್ರೆಂದು ದಾರ ಬಿಟ್ಟಿತು. ನನಗೆ ಕಲಿತದ್ದೆಲ್ಲ ಮರೆತು, "ಓ ಮೈ ಗಾಡ್! ಓ ಮೈ ಗಾಡ್!" ಎನ್ನುವುದೊಂದೇ ಉಳಿಯಿತು.

ಆಗ ನೋಡಿ, ನಮ್ಮ ಮನೆಯವರು ಹಾರಿ ಬಂದರು. ನಾನು ಬೀಳದಂತೆ ಸೊಂಟ ಗಟ್ಟಿಯಾಗಿ ಹಿಡಿದರು. "ಬಿಡು, ಓಡಲಿ ಬಿಡು! ಈಗ ಎಳೀಬೇಡ! ಸುಸ್ತಾಗಲಿ ಅದಕ್ಕೆ... ಹಾಂ, ಈಗ ಸುತ್ತು! ಸುತ್ತೇ ಮಾರಾಯ್ತಿ, ಸುತ್ತು!" ಗಾಳದ ಮನುಷ್ಯನಿಗೆ ಮೀನು ಕಂಡರೆ ಬೇರೇನೂ ಕಾಣುವುದಿಲ್ಲ. ನಾನು ಗೆದ್ದರೆ ತಾವು ಸೋಲುತ್ತೇವೆ ಎಂಬುದು ಕೂಡ!

ವಿಲ್ಲಿ ಕೊಕ್ಕೆ ಹಾಕಿ ಮೇಲೆಳೆದ. ಅಂಜಲ್! ನನ್ನ ತೋಳಿನಷ್ಟುದ್ದ, ಬೆಳ್ಳಿ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಇವರು ಚಪ್ಪಾಳೆ ತಟ್ಟಿದರು. ಎರಡನೇ ಚಪ್ಪಾಳೆಗೆ ಕೈ ಗಾಳಿಯಲ್ಲೇ ನಿಂತಿತು. ನೆನಪಾಯಿತು!

"ಸೆವ್ರಿನ್‌ಗೆ ಫೋನ್ ಮಾಡ್ಲಾ?" ಎಂದೆ ನಾನು, ಬಹಳ ಲೇಡಿಲೈಕ್ ಆಗಿ.

ಮಾತಿಗೆ ತಪ್ಪುವವರಲ್ಲ. ಅಂಜಲನ್ನು ಐಸಿನಲ್ಲಿಟ್ಟು ಘಾಟಿ ಹತ್ತಿಸಿ, ಮನೆಯಲ್ಲಿ ಮೆಟ್ಟುಗತ್ತಿಯ ಮುಂದೆ ಇವರೇ ಕೂತರು. ನಾನು ಈಸಿ ಚೇರಿನಲ್ಲಿ ಕೂತು, "ಇವತ್ತು ಹೆಂಗೆ ಹಿಡಿದೆ ಗೊತ್ತಾ?" ಎಂದು ಶುರು ಮಾಡಿದೆ. ಏಳುವಾಗ ಅವರಿಗೂ ಗೋಡೆ ಬೇಕಾಯಿತು. ಕೈ ಕೊಟ್ಟು ಎಬ್ಬಿಸಿದೆ. ಅಷ್ಟು ಕೆಟ್ಟವಳಲ್ಲ ನಾನು.

ಆದರೆ ಆಮೇಲಿನದ್ದು ಕೇಳಿ. ಭಾನುವಾರ ಬಂತು, ಇವರು ತುಂಗೆಗೆ ಹೋಗಲಿಲ್ಲ. ಬಿಸಿಲಂತೆ. ಸೋಮವಾರ ಈಶ್ವರನ ವಾರವಂತೆ. ಮಂಗಳವಾರ ಹೊಟ್ಟೆ ಸರಿ ಇಲ್ಲವಂತೆ. ಗುರುವಾರ, ಶನಿವಾರಗಳಿಗೂ ಒಬ್ಬೊಬ್ಬ ದೇವರು ಸಿಕ್ಕಿದ್ದಾರೆ. ಬೆಳಿಗ್ಗೆ ಮೀನಿನ ಗಾಡಿ ಬೀದಿಯಲ್ಲಿ ಹಾರ್ನ್ ಹೊಡೆದರೆ, ನನಗಿಂತ ಮೊದಲು ಗೇಟಿಗೆ ಓಡುತ್ತಾರೆ. "ಇವತ್ತು ಬೇಡ ಕಣಪ್ಪ, ಮನೇಲಿ ಹರಿವೆ ಸೊಪ್ಪು ಇದೆ!" ಮೀನಿಲ್ಲದೆ ಅನ್ನ ಇಳಿಯದಿದ್ದ ಮನುಷ್ಯ ಮೊನ್ನೆ ಊಟಕ್ಕೆ ಕೂತು ಸೊಪ್ಪಿನ ನಾರಿನಂಶದ ಬಗ್ಗೆ ನನಗೆ ಲೆಕ್ಚರ್ ಕೊಟ್ಟರು.

ಮೀನು ಉಜ್ಜುವ ಕೆಲಸ ಮೊದಲಿನಿಂದಲೇ ಗಂಡಸರ ಪಾಲಿಗೆ ಬಂದಿದ್ದರೆ, ನಮ್ಮ ಮಲೆನಾಡು ಎಷ್ಟು ತಲೆಮಾರಿನ ಹಿಂದೆಯೇ ಸಸ್ಯಾಹಾರಿಯಾಗಿರುತ್ತಿತ್ತು?