ಹೊಸ್ತಿಲಾಚೆ ಕುಳಿತ ಅಕ್ಕೋರು

ಹೋದ ಮಂಗಳವಾರ ಬೆಳಗ್ಗೆ ಹತ್ತರ ಹೊತ್ತಿಗೆ ನಾನು ಜೇವರ್ಗಿ ಬಸ್ ನಿಲ್ದಾಣದ ಹೊರಗೆ, ಬಾಳೆಹಣ್ಣಿನ ಗಾಡಿಯ ಪಕ್ಕ ನಿಂತಿದ್ದೆ. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹಾದುಹೋಯಿತು. ಹಸಿ ಕಬ್ಬಿನ ವಾಸನೆಯೂ ಡೀಸೆಲ್ ಹೊಗೆಯೂ ಬೆರೆತು ಮೂಗಿಗೆ ಬಡಿದವು. ಚಪ್ಪಲಿಯೊಳಗೆ ಎರಡೂ ಪಾದ ಊರಿ, ಕೆಳಗೆ ನೆಲ ಇದೆ ಎಂದು ಖಾತ್ರಿ ಮಾಡಿಕೊಂಡೆ. ಹಾಗೆ ಮಾಡಲು ಕಲಿಸಿದವರು ನೆನಪಾದರು...

ಕರಜಗಿಯಲ್ಲಿ ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಆಳಂದ ಕಡೆಯ ಸರಸಂಬಾದವರು. ನಮ್ಮೂರ ಶಾಲೆಗೆ ಟೀಚರಾಗಿ ಬಂದು, ನಿವೃತ್ತಿಯ ನಂತರವೂ ಅಲ್ಲೇ ಉಳಿದರು. ಐತವಾರ ಸಂಜೆ ನಮ್ಮ ಓಣಿಯ ಬುದ್ಧವಿಹಾರದಲ್ಲಿ ಧ್ಯಾನ ಹೇಳಿಕೊಡುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಮೂಗಿನ ತುದಿಯಲ್ಲಿ ಉಸಿರು ಹೋಗಿಬರುವುದನ್ನು ನೋಡಬೇಕು. ಗೌಂಡಿ ಕೆಲಸದ ಕಾಕಾ ಒಬ್ಬ ಕುಳಿತಲ್ಲೇ ಗೊರಕೆ ಹೊಡೆಯುತ್ತಿದ್ದ. "ಕಾಕಾ, ನೀವು ಉಸಿರು ನೋಡೋದು ಬ್ಯಾಡ್ರಿ. ಅದು ಓಣಿಗೆಲ್ಲ ಕೇಳಾಕತ್ತದ," ಎಂದು ಅಕ್ಕೋರು ಎಲ್ಲರನ್ನೂ ನಗಿಸುತ್ತಿದ್ದರು.

ನಾನು ಅವರ ಬಳಿ ಹೋದ ವರ್ಷ ನನ್ನ ಗೆಳೆಯ ಮಿಲಿಂದ ಸತ್ತಿದ್ದ. ಇಬ್ಬರೂ ಕಬ್ಬು ಕಡಿದು ಹೇರುವ ಕೆಲಸಕ್ಕೆ ಹೋಗುತ್ತಿದ್ದೆವು. ಕಾಲುವೆ ದಂಡೆ ಕುಸಿದು ಕಬ್ಬಿನ ಟ್ರಾಲಿ ಎಡಕ್ಕೆ ಮಗುಚಿದಾಗ ಅವನು ಎಡಗಡೆ ಇದ್ದ, ನಾನು ಬಲಗಡೆ. ಡ್ರೈವರ್ ಜನ ಕರೆಯಲು ಓಡಿದ. ನಾನು ಕಬ್ಬು ಎಳೆದು ಹಾಕುತ್ತ ಹೋದೆ. ಕೆಳಗಿನಿಂದ ಅವನ ದನಿ ಬಂತು: "ಲೇ, ನಮ್ಮವ್ವಗ ಹೇಳಬ್ಯಾಡಲೇ." ಅಷ್ಟೇ. ಜನ ಬಂದು ಕಬ್ಬು ಸರಿಸುವಷ್ಟರಲ್ಲಿ ಉಸಿರಿರಲಿಲ್ಲ.

ಕ್ಷಣದಲ್ಲೇ ಜೀವ ಹೋಯಿತು ಎಂದು ಊರವರು ಅವನ ತಾಯಿ ಶಾಂತಾಬಾಯಿಗೆ ಹೇಳಿದರು. ಆಕೆ ನಂಬಲಿಲ್ಲ. ನನ್ನನ್ನು ಕಂಡಲ್ಲೆಲ್ಲ, "ಏನರ ಅಂದನೇನಪಾ? ನೀರು ಕೇಳಿದನೇನು?" ಎನ್ನುತ್ತಿದ್ದಳು. ಹೇಳಬೇಡ ಎಂದವನು ಸತ್ತಿದ್ದ, ಕೇಳುವವಳು ಎದುರಿಗಿದ್ದಳು. ನಾನು ಆಕೆಯ ಮನೆಯ ದಾರಿ ಬಿಟ್ಟು ನಡೆಯತೊಡಗಿದೆ. ಕಣ್ಣು ಮುಚ್ಚಿದರೆ ಆ ದನಿ ಕೇಳುತ್ತಿತ್ತು. ನಿದ್ದೆಯಿಲ್ಲ, ಊಟ ಸೇರದು. ಕೊನೆಗೆ ನನ್ನ ಅವ್ವ ಅಕ್ಕೋರ ಕಡೆಗೆ ಕರೆದೊಯ್ದಳು.

ಮೊದಲ ಐತವಾರ ಎಲ್ಲರ ಜೊತೆ ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೇ ಎದ್ದು ನಿಂತೆ. "ಕುಂಡ್ರಪಾ, ಬಂದದ್ದು ತಾನಾ ಹೋಗ್ತದ," ಎಂದರು ಅಕ್ಕೋರು. ಮತ್ತೆ ಕುಳಿತೆ. ಹೋಗಲಿಲ್ಲ. ಉಸಿರು ಕಟ್ಟಿತು, ಅಂಗಿ ಬೆವರಿನಿಂದ ತೊಯ್ದಿತು. ಬರಿಗಾಲಲ್ಲೇ ಹೊರಗೆ ಓಡಿದೆ. "ಬುದ್ಧನ ಮುಂದ ಕುಂಡ್ರು ಅಂದ್ರ ದೆವ್ವ ಕಂಡಂಗ ಓಡಿದ ನೋಡ್ರಿ," ಎಂದು ಹಿಂದೆ ಯಾರೋ ನಕ್ಕರು.

ಮರುದಿನ ಬೆಳಗ್ಗೆ ಅಕ್ಕೋರು ನನ್ನ ಚಪ್ಪಲಿ ಕೈಯಲ್ಲಿ ಹಿಡಿದು ಮನೆಗೆ ಬಂದರು. ಅವ್ವ ಗಾಬರಿಯಾದಳು. "ಅಯ್ಯ, ಅಕ್ಕೋರ, ನೀವ್ಯಾಕ ಹಿಡ್ಕೊಂಡು ಬಂದ್ರಿ ಅವನ್ನ?"

"ನಂದೇ ತಪ್ಪದ. ಒಂದನೇ ಇಯತ್ತೆ ಹುಡುಗರಿಗೂ ಏಳನೇ ಇಯತ್ತೆ ಹುಡುಗರಿಗೂ ಒಂದೇ ಪಾಠ ಹೇಳ್ದಂಗಾಯ್ತು," ಎಂದರು. "ಇವಗ ಬ್ಯಾರೆನೇ ಹೇಳಬೇಕಿತ್ತು."

ಅಂದಿನಿಂದ ನನ್ನ ಪಾಠ ಬೇರೆಯಾಯಿತು. ವಿಹಾರದ ಹೊಸ್ತಿಲಾಚೆ, ಕಟ್ಟೆಯ ಮೇಲೆ ಕೂರುವುದು. ಕಣ್ಣು ತೆರೆದೇ ಇರಬೇಕು. ಚಪ್ಪಲಿ ಕಾಲಲ್ಲೇ ಇರಬೇಕು. "ಓಡಬೇಕನಿಸಿದ್ರ ಓಡು. ಯಾರೂ ಹಿಡ್ಯಾಂಗಿಲ್ಲ." ಉಸಿರಿನ ಗೊಡವೆ ಬೇಡ, ಪಾದದ ಕೆಳಗೆ ನೆಲ ತಾಗುತ್ತಿದೆಯೇ, ಅದನ್ನಷ್ಟೇ ನೋಡುವುದು. ಚಪ್ಪಲಿ ಮೆಟ್ಟಿಕೊಂಡು ಎಂಥ ಧ್ಯಾನ ಎಂದು ಹಿರಿಯರೊಬ್ಬರು ತಕರಾರು ತೆಗೆದರು. "ಅಂವ ಹೊರಗ ಕುಂತಾನ್ರಿ. ನಾನೂ ಹೊರಗೇ ಕುಂಡ್ರತೇನಿ," ಎಂದ ಅಕ್ಕೋರು ತಮ್ಮ ಚಾಪೆಯನ್ನೇ ಆಚೆ ತಂದರು. ಒಳಗಿನವರಿಗೆ ಬಾಗಿಲಿನಿಂದಲೇ ಹೇಳಿಕೊಡುತ್ತಿದ್ದರು.

ಎಷ್ಟು ವಾರ ಹಾಗೆ ನಡೆಯಿತೋ... ಏನಾಯಿತೆಂದು ಅವರು ಒಮ್ಮೆಯೂ ಕೇಳಲಿಲ್ಲ. ಒಂದು ಸಂಜೆ, ಎಲ್ಲರೂ ಹೋದ ಮೇಲೆ, ನಾನಾಗಿಯೇ ಮಿಲಿಂದನ ಆ ಮಾತು ಹೇಳಿದೆ. ಅಕ್ಕೋರು ನನ್ನ ಪಾದಗಳ ಕಡೆ ನೋಡಿದರು. ಆಮೇಲೆ, "ಈಗ ಕಾಲಿಗಿ ನೆಲ ಹತ್ತಾಕತ್ತದೇನು?" ಎಂದರು.

"ಹೌದ್ರಿ."

"ಅವರವ್ವಗ ಹೇಳೋದು ಬಿಡೋದು ನಿನಗ ಬಿಟ್ಟದ್ದು. ಹೋಗ್ತೇನಿ ಅಂದ್ರ ನಾ ಜೋಡಿ ಬರ್ತೇನಿ."

ಮರುದಿನ ಹೋದೆವು. ಶಾಂತಾಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು, ಮಗಳು ಕವಿತಾ ಎದುರಿಗೆ ಕುಳಿತಿದ್ದಳು. ನಾನು ನಿಂತೇ ಹೇಳಿದೆ. ಅವನು ಅಂದದ್ದನ್ನು ಅಂದ ಹಾಗೆಯೇ. ಆಕೆಯ ಕೈಯ ಮೊರ ನಿಂತಿತು.

"ನನಗ ಹೇಳಬ್ಯಾಡ ಅಂದನಾ?"

"ಹೌದವ್ವ."

ಆಕೆ ಮೊದಲು ನಕ್ಕಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಬೈತೇನಂತ ಅಂಜ್ಯಾನ, ಖೋಡಿ... ಸಾಯ್ತೇನಂತ ಗೊತ್ತಿದ್ದಿಲ್ಲ ಅವಗ. ಮನಿಗಿ ಬರೋನಿದ್ದ ಅಂವ."

ಅಷ್ಟು ದಿನ ನನಗೆ ಅದು ಹೊಳೆದಿರಲಿಲ್ಲ. ಅಕ್ಕೋರು ಶಾಂತಾಬಾಯಿಯ ಪಕ್ಕ ನೆಲದ ಮೇಲೆ ಕುಳಿತರು. ಕವಿತಾ ನನಗೆ ನೀರು ತಂದುಕೊಟ್ಟಳು.

ಅಕ್ಕೋರು ತೀರಿಕೊಂಡು ಕೆಲವು ವರ್ಷಗಳಾದವು. ಕಣ್ಣು ಮುಚ್ಚಿ ಕೂರುವ ಪಾಠದವರೆಗೆ ಅವರೂ ನಾನೂ ತಲುಪಲೇ ಇಲ್ಲ. ಬೇರೆಯವರ ಬಳಿ ಕಲಿಯಬಹುದಿತ್ತು, ಹೋಗಲಿಲ್ಲ. ಆ ದಿನ ಅಂಗಳದಲ್ಲಿ ಇದ್ದವರಲ್ಲಿ ಕವಿತಾ ಅಫಜಲಪುರದಲ್ಲಿ ನರ್ಸ್ ಆಗಿದ್ದಾಳೆ. ಶಾಂತಾಬಾಯಿ ಕರಜಗಿಯಲ್ಲೇ ಇದ್ದಾಳೆ. ಕಿವಿ ಮಂದವಾಗಿದೆ, ಹತ್ತಿರ ಕುಳಿತು ಮಾತಾಡಬೇಕು. ನಾನೂ ಇದ್ದೇನೆ, ಕಬ್ಬಿನ ಟ್ರ್ಯಾಕ್ಟರ್ ಹಾದಾಗಲೆಲ್ಲ ಪಾದ ಊರಿ ನೆಲ ನೋಡಿಕೊಳ್ಳುತ್ತ.